ಕ್ಯಾಲಿಫೋರ್ನಿಯಾದಲ್ಲಿ ಮನೆ ಖಾಲಿ ಮಾಡುವ ನೋಟಿಸ್ ಬಂದಾಗ: ಬಾಡಿಗೆದಾರರ ಪ್ರತಿವಾದ ಮತ್ತು ಸ್ಥಳಾಂತರ ಹಣದ ಸಮಗ್ರ ಮಾರ್ಗದರ್ಶಿ

ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆಗಿರುವ ಕನ್ನಡ ಕುಟುಂಬಗಳು ಮನೆ ಖಾಲಿ ಮಾಡಬೇಕೆಂಬ ಒತ್ತಡ ಬಂದಾಗ ಎಡವುವುದು ಹೆಚ್ಚಾಗಿ ಎರಡೇ ಕಡೆ. ಮಾಲೀಕರು ವಾಟ್ಸ್ಆ್ಯಪ್‌ನಲ್ಲಿ ‘ಮುಂದಿನ ತಿಂಗಳ ಕೊನೆಗೆ ಮನೆ ಬೇಕು’ ಎಂದು ಬರೆದ ಮಾತ್ರಕ್ಕೆ, ಕಾನೂನಿನ ಪ್ರಕಾರ ತಮಗೆ ಬರಬೇಕಾದ ಸ್ಥಳಾಂತರ ಹಣವನ್ನು (ಬಾಡಿಗೆದಾರರ ತಪ್ಪಿಲ್ಲದೆ ಮನೆ ಬಿಡಿಸುವಾಗ ಮಾಲೀಕರು ಕೊಡಬೇಕಾದ ಮೊತ್ತವನ್ನು) ಕೇಳದೆಯೇ, ಮರ್ಯಾದೆಗೆ ಅಂಜಿ ಮನೆ ಬಿಟ್ಟುಹೋಗುವವರು ಕೆಲವರು. ಕೋರ್ಟಿನ ಸಮನ್ಸ್ ಕೈಗೆ ಬಂದ ಮೇಲೂ ‘ಸಿವಿಲ್ ದಾವೆ ತಾನೇ, ವರ್ಷಗಟ್ಟಲೆ ನಡೆಯುತ್ತದೆ’ ಎಂಬ ಊರಿನ ಲೆಕ್ಕಾಚಾರದಲ್ಲಿ ಸುಮ್ಮನೆ ಕುಳಿತು, ಉತ್ತರ ಸಲ್ಲಿಸುವ ಗಡುವನ್ನು ದಾಟಿಸಿಕೊಳ್ಳುವವರು ಇನ್ನು ಕೆಲವರು. ಇಲ್ಲಿನ ತೆರವು ದಾವೆ ಸಾಮಾನ್ಯ ಸಿವಿಲ್ ದಾವೆಯಂತಲ್ಲ. ಅದು ಕೆಲವೇ ವಾರಗಳಲ್ಲಿ ತೀರ್ಮಾನವಾಗುವ ಸಂಕ್ಷಿಪ್ತ ವಿಚಾರಣೆ, ಮತ್ತು ಅದರಲ್ಲಿ ಪ್ರತಿ ಹೆಜ್ಜೆಗೂ ದಿನಗಳ ಲೆಕ್ಕವಿದೆ.

ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಪಾಲಿಸಬೇಕು. ಮೂರನೆಯ ಹಂತ ಮುಗಿಯುವ ಮೊದಲು ಮಾಲೀಕರಿಗೆ ಯಾವ ಒಪ್ಪಿಗೆಯನ್ನೂ ಕೊಡಬೇಡಿ, ಏನಕ್ಕೂ ಸಹಿ ಹಾಕಬೇಡಿ. ವಕೀಲರ ಸಲಹೆಗೆ ಈ ಬರಹ ಬದಲಿಯಲ್ಲ. ಆದರೆ ವಕೀಲರ ಮುಂದೆ ಕುಳಿತಾಗ ಕೈಯಲ್ಲಿ ಏನಿರಬೇಕು, ಅಲ್ಲಿಯವರೆಗೆ ಏನು ಮಾಡಬಾರದು ಎಂಬುದನ್ನು ಇದರಿಂದ ತಿಳಿಯಬಹುದು.

## ಮೊದಲು ಒಟ್ಟುಮಾಡಬೇಕಾದ ದಾಖಲೆಗಳು

ಬಾಡಿಗೆ ಕರಾರು ಮತ್ತು ಅದರ ನವೀಕರಣ ಪತ್ರಗಳು, ಕನಿಷ್ಠ ಹಿಂದಿನ ಒಂದು ವರ್ಷ ಬಾಡಿಗೆ ಕಟ್ಟಿದ ಬ್ಯಾಂಕ್ ದಾಖಲೆ, ಮಾಲೀಕರೊಂದಿಗೆ ನಡೆದ ಎಲ್ಲ ಇಮೇಲ್ ಮತ್ತು ಸಂದೇಶಗಳು, ದುರಸ್ತಿಗಾಗಿ ಮಾಡಿದ ವಿನಂತಿಗಳು, ಮನೆಯ ಸ್ಥಿತಿಯ ದಿನಾಂಕಸಹಿತ ಫೋಟೊಗಳು ಇವಿಷ್ಟನ್ನೂ ಒಂದೇ ಫೋಲ್ಡರ್‌ನಲ್ಲಿ ಇಡಿ. ನೋಟಿಸ್ ಬಂದ ಲಕೋಟೆಯನ್ನು ಎಸೆಯಬೇಡಿ, ಅದರ ಮೇಲಿನ ಅಂಚೆ ಮುದ್ರೆಯೂ ಸಾಕ್ಷ್ಯವಾಗಬಹುದು. ನೋಟಿಸನ್ನು ಬಾಗಿಲಿಗೆ ಅಂಟಿಸಿದ್ದರೆ ಕೀಳುವ ಮೊದಲು ಅದು ಇದ್ದ ಹಾಗೆಯೇ ಫೋಟೊ ತೆಗೆಯಿರಿ. ಯಾವ ದಿನ, ಯಾವ ಹೊತ್ತಿಗೆ, ಯಾರ ಕೈಗೆ ಬಂತು ಎಂಬುದನ್ನು ಅದೇ ದಿನ ಬರೆದಿಡಿ. ವಿಚಾರಣೆಯ ಹೊತ್ತಿಗೆ ನೆನಪು ಮಸುಕಾಗಿರುತ್ತದೆ.

## ಹಂತ 1: ಕೈಗೆ ಬಂದಿರುವುದು ಯಾವ ಕಾಗದ ಎಂದು ಗುರುತಿಸಿ

ಫೋನ್ ಕರೆ, ವಾಟ್ಸ್ಆ್ಯಪ್ ಸಂದೇಶ, ಸಾಮಾನ್ಯ ಇಮೇಲ್: ಇವು ಮಾಲೀಕರ ಇಚ್ಛೆಯನ್ನು ಮಾತ್ರ ತಿಳಿಸುತ್ತವೆ, ಬಾಡಿಗೆಯನ್ನು ಕೊನೆಗೊಳಿಸುವುದಿಲ್ಲ. ಕಾನೂನುಬದ್ಧ ನೋಟಿಸ್ ಬರಹದಲ್ಲಿರಬೇಕು. ಅದನ್ನು ನಿಮ್ಮ ಕೈಗೆ ಕೊಡಬೇಕು, ಇಲ್ಲವೇ ಮನೆಯಲ್ಲಿ ಅಥವಾ ಕೆಲಸದ ಸ್ಥಳದಲ್ಲಿರುವ ಬೇರೆ ಸೂಕ್ತ ವ್ಯಕ್ತಿಗೆ ಕೊಟ್ಟು ಅಂಚೆಯಲ್ಲೂ ಕಳುಹಿಸಬೇಕು, ಅದೂ ಆಗದಿದ್ದರೆ ಬಾಗಿಲಿಗೆ ಅಂಟಿಸಿ ಅಂಚೆಯಲ್ಲೂ ಕಳುಹಿಸಬೇಕು. ಮೂವತ್ತು ಅಥವಾ ಅರುವತ್ತು ದಿನಗಳ ನೋಟಿಸನ್ನು ಸರ್ಟಿಫೈಡ್ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲೂ ಕಳುಹಿಸಬಹುದು.

ಅದರ ಮುಂದಿನದು ಕೋರ್ಟಿನ ಸಮನ್ಸ್ ಮತ್ತು ದೂರು. ಅದರಲ್ಲಿ ಸುಪೀರಿಯರ್ ಕೋರ್ಟಿನ ಹೆಸರು, ಪ್ರಕರಣದ ಸಂಖ್ಯೆ ಇರುತ್ತವೆ. ಅದು ಬಂದಿದ್ದರೆ ಉಳಿದೆಲ್ಲವನ್ನೂ ಬದಿಗಿಟ್ಟು ಹಂತ 5ಕ್ಕೆ ಹೋಗಿ. ಕೊನೆಯದು ಶೆರಿಫ್ ಅಂಟಿಸುವ ನೋಟಿಸ್. ಅದು ಬರುವುದು ತೀರ್ಪಾದ ಮೇಲೆ ಮಾತ್ರ, ಅದು ಬಂದಿದ್ದರೆ ಹಂತ 7ನ್ನು ಓದಿ.

ಈ ಕ್ರಮವನ್ನು ಬಿಟ್ಟು ಮಾಲೀಕರು ತಾವೇ ಬೀಗ ಬದಲಾಯಿಸುವುದು, ನೀರು, ವಿದ್ಯುತ್ ಅಥವಾ ಗ್ಯಾಸ್ ಕಡಿತ ಮಾಡುವುದು, ಬಾಗಿಲು ಕಿತ್ತುಹಾಕುವುದು, ಸಾಮಾನು ಹೊರಗಿಡುವುದು ಕಾನೂನುಬಾಹಿರ. ಸಿವಿಲ್ ಕೋಡ್ 789.3ರ ಪ್ರಕಾರ ಇಂಥ ಕೃತ್ಯಕ್ಕೆ ನಿಜವಾದ ನಷ್ಟದ ಜೊತೆಗೆ ದಿನಕ್ಕೆ 100 ಡಾಲರ್‌ವರೆಗೆ ದಂಡ ಬೀಳುತ್ತದೆ, ಆ ದಂಡ 250 ಡಾಲರ್‌ಗಿಂತ ಕಡಿಮೆ ಇರುವಂತಿಲ್ಲ. ಹೀಗಾದರೆ ಪೊಲೀಸರನ್ನು ಕರೆಯಲು ಹಿಂಜರಿಯಬೇಡಿ.

## ಹಂತ 2: ನಿಮ್ಮ ಮನೆಗೆ ಯಾವ ಕಾನೂನು ಅನ್ವಯಿಸುತ್ತದೆ ಎಂದು ನಿರ್ಧರಿಸಿ

ಇಡೀ ಪ್ರಕರಣದ ದಿಕ್ಕು ತೀರ್ಮಾನವಾಗುವುದು ಈ ಹಂತದಲ್ಲಿ. ಬಹಳ ಜನ ಇದನ್ನೇ ಹಾರಿಸಿಬಿಡುತ್ತಾರೆ.

ಎಬಿ 1482 ಎಂದು ಕರೆಯುವ 2019ರ ಟೆನೆಂಟ್ ಪ್ರೊಟೆಕ್ಷನ್ ಆ್ಯಕ್ಟ್ ಇಡೀ ರಾಜ್ಯಕ್ಕೆ ಅನ್ವಯಿಸುತ್ತದೆ. ಅದು 2020ರ ಜನವರಿ 1ರಿಂದ ಜಾರಿಯಲ್ಲಿದೆ, 2030ರ ಜನವರಿ 1ರವರೆಗೆ ಇರುತ್ತದೆ. ಬಾಡಿಗೆದಾರರು ಸತತ 12 ತಿಂಗಳು ವಾಸವಿದ್ದ ಮೇಲೆ, ಕಾನೂನು ಪಟ್ಟಿಮಾಡಿರುವ ಸಕಾರಣವಿಲ್ಲದೆ ಅವರನ್ನು ತೆರವು ಮಾಡಿಸುವಂತಿಲ್ಲ. ಮಧ್ಯದಲ್ಲಿ ಹೊಸ ವಯಸ್ಕ ಬಾಡಿಗೆದಾರರು ಕರಾರಿಗೆ ಸೇರಿದ್ದರೆ ಈ ಲೆಕ್ಕ ಬದಲಾಗುತ್ತದೆ: ಆಗ ಎಲ್ಲರೂ 12 ತಿಂಗಳು, ಇಲ್ಲವೇ ಒಬ್ಬರಾದರೂ 24 ತಿಂಗಳು ವಾಸವಿದ್ದಿರಬೇಕು. ರೂಮ್‌ಮೇಟ್‌ಗಳು ಆಗಾಗ ಬದಲಾಗುವ ಮನೆಗಳಲ್ಲಿ ಈ ಅಂಶವನ್ನು ಜಾಗ್ರತೆಯಿಂದ ನೋಡಬೇಕು.

ಈ ಕಾನೂನಿನಿಂದ ಹೊರಗುಳಿಯುವ ಮನೆಗಳೂ ಇವೆ. ಕಟ್ಟಡಕ್ಕೆ ವಾಸಯೋಗ್ಯ ಪ್ರಮಾಣಪತ್ರ ಸಿಕ್ಕಿ 15 ವರ್ಷ ತುಂಬಿಲ್ಲದಿದ್ದರೆ ಅದು ಅನ್ವಯಿಸುವುದಿಲ್ಲ. ಈ 15 ವರ್ಷ ಪ್ರತಿವರ್ಷ ಮುಂದೆ ಸರಿಯುತ್ತದೆ, ಆದ್ದರಿಂದ 2009ರಲ್ಲಿ ಪ್ರಮಾಣಪತ್ರ ಪಡೆದ ಅಪಾರ್ಟ್‌ಮೆಂಟ್ 2024ರಲ್ಲಿ ಕಾನೂನಿನ ವ್ಯಾಪ್ತಿಗೆ ಬಂದಿರುತ್ತದೆ. ಇನ್ನೊಂದು ಘಟಕದಲ್ಲಿ ಮಾಲೀಕರೇ ವಾಸಿಸುವ ಡುಪ್ಲೆಕ್ಸ್ (ಎರಡು ಮನೆಗಳ ಕಟ್ಟಡ), ಅಡುಗೆಮನೆ ಅಥವಾ ಸ್ನಾನಗೃಹವನ್ನು ಮಾಲೀಕರೊಂದಿಗೆ ಹಂಚಿಕೊಳ್ಳುವ ಮನೆ ಕೂಡ ಹೊರಗುಳಿಯುತ್ತವೆ.

ನಮ್ಮವರಿಗೆ ಹೆಚ್ಚಾಗಿ ಎದುರಾಗುವುದು ಪ್ರತ್ಯೇಕ ಮನೆ, ಟೌನ್‌ಹೋಮ್ ಮತ್ತು ಕಾಂಡೋಗಳ ವಿನಾಯಿತಿ. ಮಾಲೀಕರು ಕಾರ್ಪೊರೇಷನ್, ರಿಯಲ್ ಎಸ್ಟೇಟ್ ಇನ್ವೆಸ್ಟ್‌ಮೆಂಟ್ ಟ್ರಸ್ಟ್ ಅಥವಾ ಕಾರ್ಪೊರೇಷನ್ ಸದಸ್ಯತ್ವವಿರುವ ಎಲ್‌ಎಲ್‌ಸಿ (ಸೀಮಿತ ಹೊಣೆಗಾರಿಕೆಯ ಕಂಪನಿ) ಆಗಿರದಿದ್ದರೆ ಮಾತ್ರ ಈ ವಿನಾಯಿತಿ ಸಿಗುತ್ತದೆ. ಅಷ್ಟೇ ಸಾಲದು. ‘ಈ ಮನೆಗೆ ಆ ಕಾನೂನು ಅನ್ವಯಿಸುವುದಿಲ್ಲ’ ಎಂಬ ನಿಗದಿತ ಬರಹವನ್ನು ಮಾಲೀಕರು ಬಾಡಿಗೆದಾರರಿಗೆ ಕೊಟ್ಟಿರಬೇಕು. 2020ರ ಜುಲೈ 1ರಂದು ಅಥವಾ ಅನಂತರ ಆರಂಭವಾದ ಇಲ್ಲವೇ ನವೀಕರಣಗೊಂಡ ಬಾಡಿಗೆಗಳಲ್ಲಿ ಆ ಬರಹ ಕರಾರಿನಲ್ಲೇ ಇರಬೇಕು. ಪರಿಚಯದವರಿಂದ ಬಾಡಿಗೆಗೆ ಪಡೆದ, ಎರಡು ಪುಟದ ಕರಾರು ಬರೆದುಕೊಂಡ ಮನೆಗಳಲ್ಲಿ ಈ ವಾಕ್ಯವೇ ಇರುವುದಿಲ್ಲ. ಇಲ್ಲದಿದ್ದರೆ ವಿನಾಯಿತಿಯೂ ಇಲ್ಲ. ಕರಾರಿನ ಪ್ರತಿ ಪುಟವನ್ನೂ, ಸೇರ್ಪಡೆ ಪತ್ರಗಳನ್ನೂ ತಾಳ್ಮೆಯಿಂದ ಓದಿ ಇದನ್ನು ಖಚಿತಪಡಿಸಿಕೊಳ್ಳಿ.

ರಾಜ್ಯ ಕಾನೂನಿನ ಮೇಲೆ ನಗರಗಳ ಕಾನೂನುಗಳಿವೆ. ನಗರದ ಸಕಾರಣ ಕಾನೂನು ಬಾಡಿಗೆದಾರರಿಗೆ ಹೆಚ್ಚು ರಕ್ಷಣೆ ಕೊಡುವಂತಿದ್ದರೆ ಸಾಮಾನ್ಯವಾಗಿ ಅದೇ ನಡೆಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1979ರ ರೆಂಟ್ ಆರ್ಡಿನೆನ್ಸ್, ಓಕ್ಲೆಂಡ್‌ನಲ್ಲಿ 2002ರಲ್ಲಿ ಮತದಾರರು ಅಂಗೀಕರಿಸಿದ ಸಕಾರಣ ಕಾನೂನು, ಮೌಂಟನ್ ವ್ಯೂನಲ್ಲಿ 2016ರ ಮೆಷರ್ ವಿ, ಸ್ಯಾನ್ ಹೋಸೆಯಲ್ಲಿ 2017ರ ಟೆನೆಂಟ್ ಪ್ರೊಟೆಕ್ಷನ್ ಆರ್ಡಿನೆನ್ಸ್ ಇವೆ. ಲಾಸ್ ಏಂಜಲೀಸ್ ನಗರದಲ್ಲಿ 1978ರ ಅಕ್ಟೋಬರ್ 1ರೊಳಗಿನ ಕಟ್ಟಡಗಳಿಗೆ ಬಾಡಿಗೆ ನಿಯಂತ್ರಣ ಕಾನೂನು ಅನ್ವಯಿಸುತ್ತದೆ. ಉಳಿದ ಬಹುತೇಕ ಮನೆಗಳಿಗೆ, ಪ್ರತ್ಯೇಕ ಮನೆಗಳೂ ಸೇರಿದಂತೆ, 2023ರ ಜನವರಿ 27ರಿಂದ ಅಲ್ಲಿನ ಸಕಾರಣ ಕಾನೂನಿನ ರಕ್ಷಣೆ ಇದೆ. ನಿಮ್ಮ ವಿಳಾಸ ನಿಜವಾಗಿ ಯಾವ ನಗರದ ಗಡಿಯೊಳಗಿದೆ ಎಂಬುದನ್ನು ನೋಡಿಕೊಳ್ಳಿ. ಅಂಚೆ ವಿಳಾಸದಲ್ಲಿ ಒಂದು ನಗರದ ಹೆಸರಿದ್ದು, ಮನೆ ಮಾತ್ರ ಆ ನಗರದ ಹೊರಗೆ ಕೌಂಟಿಯ ಆಡಳಿತದಲ್ಲಿರುವುದುಂಟು. ನಗರದ ವಸತಿ ಇಲಾಖೆ ಅಥವಾ ರೆಂಟ್ ಬೋರ್ಡ್‌ಗೆ ವಿಳಾಸ ಕೊಟ್ಟು ಕೇಳುವುದೇ ಸುರಕ್ಷಿತ ದಾರಿ.

ಯಾವ ಸಕಾರಣ ಕಾನೂನೂ ಅನ್ವಯಿಸದಿದ್ದರೂ ನೀವು ಬರಿಗೈಯಲ್ಲಿಲ್ಲ. ಆಗಲೂ ತಿಂಗಳು ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು, ವಾಸ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ 30 ದಿನ, ಒಂದು ವರ್ಷ ಅಥವಾ ಹೆಚ್ಚಿದ್ದರೆ 60 ದಿನ ಮುಂಚಿತ ನೋಟಿಸ್ ಬೇಕು. ಸೇಡಿನ ತೆರವು, ತಾರತಮ್ಯ, ದೋಷಪೂರ್ಣ ನೋಟಿಸ್ ಎಂಬ ಪ್ರತಿವಾದಗಳೂ ಉಳಿಯುತ್ತವೆ.

## ಹಂತ 3: ನೋಟಿಸನ್ನು ಸಾಲುಸಾಲಾಗಿ ಪರೀಕ್ಷಿಸಿ

ಬಾಡಿಗೆ ಬಾಕಿಯ ಮೂರು ದಿನಗಳ ನೋಟಿಸಿನಿಂದ ಆರಂಭಿಸೋಣ. ತಿಂಗಳ ಬಾಡಿಗೆ 2,800 ಡಾಲರ್, ಒಂದು ತಿಂಗಳದು ಬಾಕಿ ಎಂದುಕೊಳ್ಳಿ. ನೋಟಿಸಿನಲ್ಲಿ 2,975 ಡಾಲರ್ ಕೇಳಲಾಗಿದೆ. ಕೆಳಗಿನ ವಿವರ ನೋಡಿದರೆ 100 ಡಾಲರ್ ವಿಳಂಬ ಶುಲ್ಕ, 75 ಡಾಲರ್ ವಿದ್ಯುತ್ ಬಿಲ್ಲು ಸೇರಿವೆ. ವಾಸದ ಮನೆಯ ನೋಟಿಸಿನಲ್ಲಿ ನಿಜವಾಗಿ ಬಾಕಿಯಿರುವ ಬಾಡಿಗೆಗಿಂತ ಹೆಚ್ಚು ಕೇಳಿದ್ದರೆ ಅದು ನೋಟಿಸನ್ನೇ ಅಸಿಂಧುಗೊಳಿಸಬಲ್ಲ ದೋಷ. ಆ ನೋಟಿಸಿನ ಮೇಲೆ ನಿಂತ ದಾವೆಯೂ ಬೀಳಬಹುದು. ಹಣ ಪಡೆಯುವವರ ಹೆಸರು, ಫೋನ್ ಸಂಖ್ಯೆ, ವಿಳಾಸ, ಖುದ್ದಾಗಿ ಕಟ್ಟಬಹುದಾದರೆ ದಿನ ಮತ್ತು ವೇಳೆ ಕೂಡ ನೋಟಿಸಿನಲ್ಲಿರಬೇಕು. ಒಂದು ವರ್ಷಕ್ಕಿಂತ ಹಳೆಯ ಬಾಕಿಯನ್ನು ಅದರಲ್ಲಿ ಸೇರಿಸುವಂತಿಲ್ಲ.

ಮೂರು ದಿನಗಳ ಲೆಕ್ಕದಲ್ಲಿ ಶನಿವಾರ, ಭಾನುವಾರ ಮತ್ತು ಕೋರ್ಟ್ ರಜಾದಿನಗಳು ಸೇರುವುದಿಲ್ಲ, ನೋಟಿಸ್ ಬಂದ ದಿನವೂ ಸೇರುವುದಿಲ್ಲ. ಲೇಬರ್ ಡೇ ಹಿಂದಿನ ಗುರುವಾರ ನೋಟಿಸ್ ಕೈಗೆ ಬಂದರೆ ಶುಕ್ರವಾರ ಮೊದಲ ದಿನ. ಶನಿವಾರ, ಭಾನುವಾರ ಮತ್ತು ಸೋಮವಾರದ ರಜೆ ಬಿಟ್ಟು ಮಂಗಳವಾರ ಎರಡನೆಯ ದಿನ, ಬುಧವಾರ ಮೂರನೆಯ ದಿನ. ಬುಧವಾರ ಮುಗಿಯುವವರೆಗೆ ಹಣ ಕಟ್ಟಲು ಅವಕಾಶವಿದೆ, ಅದಕ್ಕೂ ಮೊದಲು ಹೂಡಿದ ದಾವೆ ಅವಧಿಪೂರ್ವವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನೋಟಿಸಿನಲ್ಲಿ ದೋಷ ಕಂಡಿತೆಂದು, ನಿಜವಾಗಿ ಬಾಕಿಯಿರುವ ಬಾಡಿಗೆಯನ್ನು ಕೈಯಲ್ಲಿ ಹಣವಿದ್ದೂ ಕಟ್ಟದೆ ಕೂರುವುದು ಅವಿವೇಕ. ಅವಧಿಯೊಳಗೆ ಸರಿಯಾದ ಮೊತ್ತವನ್ನು ಚೆಕ್ ಅಥವಾ ಮನಿ ಆರ್ಡರ್ ಮೂಲಕ ಕಟ್ಟಿ ರಸೀದಿ ಪಡೆಯಿರಿ. ಮಾಲೀಕರು ನಿರಾಕರಿಸಿದರೆ, ಕಟ್ಟಲು ಹೋದ ಪುರಾವೆಯನ್ನು ಇಟ್ಟುಕೊಳ್ಳಿ.

ಕರಾರಿನ ಷರತ್ತು ಮುರಿದ ಆರೋಪವಿದ್ದರೆ, ಅದು ಸರಿಪಡಿಸಬಹುದಾದ ತಪ್ಪಾಗಿದ್ದಲ್ಲಿ ಮೊದಲು ಸರಿಪಡಿಸಲು ಅವಕಾಶ ಕೊಡುವ ನೋಟಿಸ್ ಬರಬೇಕು. ಊರಿನಿಂದ ಬಂದ ತಂದೆತಾಯಿ ಹಲವು ತಿಂಗಳು ಉಳಿದದ್ದನ್ನೇ ‘ಅನುಮತಿಯಿಲ್ಲದ ವಾಸ’ ಎಂದು ತೋರಿಸುವ ನೋಟಿಸ್ ಬಂದರೆ, ಕರಾರಿನಲ್ಲಿ ಅತಿಥಿಗಳ ಬಗ್ಗೆ ಏನು ಬರೆದಿದೆ ಎಂದು ನೋಡಿ, ಅವಧಿಯೊಳಗೆ ಬರಹದಲ್ಲಿ ಉತ್ತರಿಸಿ.

## ಹಂತ 4: ಕಾರಣ ‘ತಪ್ಪಿಲ್ಲದ ತೆರವು’ ಆಗಿದ್ದರೆ ಸ್ಥಳಾಂತರ ಹಣವನ್ನು ಬರಹದಲ್ಲಿ ಕೇಳಿ

ಬಾಡಿಗೆದಾರರದು ಯಾವ ತಪ್ಪೂ ಇಲ್ಲದಿದ್ದಾಗ ರಾಜ್ಯ ಕಾನೂನು ಒಪ್ಪುವ ಕಾರಣಗಳು ಬೆರಳೆಣಿಕೆಯಷ್ಟು: ಮಾಲೀಕರು ಅಥವಾ ಅವರ ಸಂಗಾತಿ, ಮಕ್ಕಳು, ಮೊಮ್ಮಕ್ಕಳು, ತಂದೆತಾಯಿ, ಅಜ್ಜ ಅಜ್ಜಿ ವಾಸಕ್ಕೆ ಬರುವುದು, ಮನೆಯನ್ನು ಬಾಡಿಗೆ ಮಾರುಕಟ್ಟೆಯಿಂದಲೇ ಹಿಂತೆಗೆಯುವುದು, ಸರ್ಕಾರಿ ಆದೇಶ, ಕೆಡವುವುದು ಅಥವಾ ದೊಡ್ಡ ಪ್ರಮಾಣದ ನವೀಕರಣ. ‘ಮನೆ ಮಾರುತ್ತಿದ್ದೇವೆ’ ಎಂಬುದಷ್ಟೇ ಈ ಪಟ್ಟಿಯಲ್ಲಿಲ್ಲ. ‘ಕರಾರು ಮುಗಿಯಿತು’ ಎಂಬುದೂ ಇಲ್ಲ. ಈ ಎರಡು ಮಾತು ಕೇಳಿ ಮನೆ ಬಿಟ್ಟ ಕುಟುಂಬಗಳನ್ನು ನೆನೆದರೆ ನಿಜಕ್ಕೂ ಸಂಕಟವಾಗುತ್ತದೆ.

2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಎಸ್‌ಬಿ 567 ಎಂಬ ತಿದ್ದುಪಡಿ ಕಾನೂನು ಈ ಕಾರಣಗಳನ್ನು ಬಿಗಿಗೊಳಿಸಿತು. ಮಾಲೀಕರ ಕಡೆಯವರು ವಾಸಕ್ಕೆ ಬರುವುದಾದರೆ ಅವರ ಹೆಸರು ಮತ್ತು ಸಂಬಂಧ ನೋಟಿಸಿನಲ್ಲಿರಬೇಕು. ನೀವು ಬಿಟ್ಟ 90 ದಿನಗಳೊಳಗೆ ಅವರು ಬಂದು, ಕನಿಷ್ಠ ಸತತ 12 ತಿಂಗಳು ಅದನ್ನೇ ಮುಖ್ಯ ವಾಸಸ್ಥಳ ಮಾಡಿಕೊಂಡಿರಬೇಕು. ನವೀಕರಣವಾದರೆ ಕೆಲಸದ ವಿವರ, ಅಂದಾಜು ಅವಧಿ ಮತ್ತು ಪರವಾನಗಿಗಳ ಪ್ರತಿ ನೋಟಿಸಿನ ಜೊತೆಗಿರಬೇಕು. ಆ ಕೆಲಸಕ್ಕಾಗಿ ಮನೆ ಕನಿಷ್ಠ 30 ದಿನ ಸತತವಾಗಿ ಖಾಲಿಯಿರಲೇಬೇಕಾದ ಸ್ವರೂಪದ್ದಾಗಿರಬೇಕು. ಬಣ್ಣ ಬಳಿಯುವುದು, ಕ್ಯಾಬಿನೆಟ್ ಬದಲಾಯಿಸುವುದು ಇದರಲ್ಲಿ ಬರುವುದಿಲ್ಲ.

ಹಣದ ವಿಷಯಕ್ಕೆ ಬರೋಣ. ರಾಜ್ಯ ಕಾನೂನಿನಡಿ ತಪ್ಪಿಲ್ಲದ ತೆರವಿಗೆ, ನೋಟಿಸ್ ಕೊಟ್ಟಾಗ ಜಾರಿಯಲ್ಲಿದ್ದ ಬಾಡಿಗೆಯ ಒಂದು ತಿಂಗಳ ಮೊತ್ತವನ್ನು ನೋಟಿಸಿನಿಂದ 15 ದಿನಗಳೊಳಗೆ ಕೊಡಬೇಕು, ಇಲ್ಲವೇ ಕೊನೆಯ ತಿಂಗಳ ಬಾಡಿಗೆಯನ್ನು ಬರಹದಲ್ಲಿ ಮನ್ನಾ ಮಾಡಬೇಕು. ಈ ಹಕ್ಕಿನ ಉಲ್ಲೇಖ ನೋಟಿಸಿನಲ್ಲೇ ಇರಬೇಕು. ಕಟ್ಟುನಿಟ್ಟಾಗಿ ಪಾಲಿಸದಿದ್ದರೆ ನೋಟಿಸೇ ಅನೂರ್ಜಿತ. ನಿಮ್ಮ ವರಮಾನ ಎಷ್ಟೆಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ‘ಇಷ್ಟು ಸಂಬಳ ಇರುವವರು ಕೇಳಿದರೆ ಏನಂದುಕೊಳ್ಳುತ್ತಾರೋ’ ಎಂಬ ಸಂಕೋಚ ಬೇಡ.

ನಗರಗಳ ಮೊತ್ತ ಇದಕ್ಕಿಂತ ಹೆಚ್ಚಾಗಿರುವುದುಂಟು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾಲೀಕರ ವಾಸದಂಥ ಕಾರಣಗಳಿಗೆ, 12 ತಿಂಗಳು ವಾಸವಿದ್ದ ಪ್ರತಿಯೊಬ್ಬರಿಗೂ, ಮಕ್ಕಳೂ ಸೇರಿದಂತೆ, ತಲಾ ಮೊತ್ತವಿದೆ. ಮನೆಗೊಂದು ಗರಿಷ್ಠ ಮಿತಿಯೂ ಇದೆ. ಅರ್ಧ ಹಣ ನೋಟಿಸಿನ ಜೊತೆಗೆ, ಉಳಿದರ್ಧ ಮನೆ ಬಿಡುವಾಗ. 60 ದಾಟಿದ ಹಿರಿಯರು, ಅಂಗವೈಕಲ್ಯವಿರುವವರು, 18ರ ಒಳಗಿನ ಮಕ್ಕಳಿರುವ ಕುಟುಂಬಗಳಿಗೆ ಹೆಚ್ಚುವರಿ ಹಣವಿದೆ. ಆದರೆ ಅದನ್ನು ಪುರಾವೆಯೊಂದಿಗೆ ಬರಹದಲ್ಲಿ ಕೇಳಿದ ಮೇಲೆಯೇ ಮಾಲೀಕರ 15 ದಿನಗಳ ಗಡುವು ಆರಂಭವಾಗುತ್ತದೆ. ಓಕ್ಲೆಂಡ್‌ನಲ್ಲಿ ಮೊತ್ತ ಮಲಗುವ ಕೋಣೆಗಳ ಸಂಖ್ಯೆಯನ್ನು ಅವಲಂಬಿಸಿದೆ. ಲಾಸ್ ಏಂಜಲೀಸ್‌ನಲ್ಲಿ ವಾಸದ ಅವಧಿ, ವಯಸ್ಸು, ಮಕ್ಕಳು, ವರಮಾನ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸ್ಯಾನ್ ಫ್ರಾನ್ಸಿಸ್ಕೊದ ದರ ಪ್ರತಿ ಮಾರ್ಚ್ 1ಕ್ಕೆ, ಓಕ್ಲೆಂಡ್ ಮತ್ತು ಲಾಸ್ ಏಂಜಲೀಸ್‌ನ ದರ ಪ್ರತಿ ಜುಲೈ 1ಕ್ಕೆ ಪರಿಷ್ಕರಣೆಯಾಗುವುದರಿಂದ, ಸ್ನೇಹಿತರು ಹಿಂದಿನ ವರ್ಷ ಪಡೆದ ಮೊತ್ತವನ್ನು ನಂಬದೆ ನಗರದ ಈಗಿನ ಪಟ್ಟಿಯನ್ನೇ ನೋಡಿ.

ಕೇಳುವ ಪತ್ರ ಚಿಕ್ಕದಾಗಿರಲಿ: ನಿಮ್ಮ ಹೆಸರು, ಮನೆಯ ವಿಳಾಸ, ವಾಸಕ್ಕೆ ಬಂದ ದಿನಾಂಕ, ನೋಟಿಸಿನ ದಿನಾಂಕ, ಅದರಲ್ಲಿ ಹೇಳಿದ ಕಾರಣ, ಅನ್ವಯಿಸುವ ಕಾನೂನಿನ ಹೆಸರು, ಕೇಳುವ ಮೊತ್ತ, ಹೆಚ್ಚುವರಿ ಹಣಕ್ಕೆ ಅರ್ಹರಾದವರ ವಿವರ. ‘ಈ ಪತ್ರದಿಂದ ನೋಟಿಸಿನ ಸಿಂಧುತ್ವವನ್ನು ನಾನು ಒಪ್ಪಿದಂತಲ್ಲ’ ಎಂಬ ಒಂದು ವಾಕ್ಯವನ್ನು ತಪ್ಪದೆ ಸೇರಿಸಿ. ಇಮೇಲ್‌ನಲ್ಲೂ ಸರ್ಟಿಫೈಡ್ ಅಂಚೆಯಲ್ಲೂ ಕಳುಹಿಸಿ.

ಇಲ್ಲಿ ಮೂರು ತಪ್ಪುಗಳು ಮತ್ತೆಮತ್ತೆ ಕಾಣುತ್ತವೆ. ಸೆಕ್ಯುರಿಟಿ ಡೆಪಾಸಿಟ್ ಮರಳಿಸುವುದನ್ನೇ ಸ್ಥಳಾಂತರ ಹಣವೆಂದು ಮಾಲೀಕರು ತೋರಿಸುತ್ತಾರೆ, ಬಾಡಿಗೆದಾರರು ಒಪ್ಪಿಬಿಡುತ್ತಾರೆ. ಡೆಪಾಸಿಟ್ ನಿಮ್ಮದೇ ಹಣ, ಮನೆ ಬಿಟ್ಟ 21 ದಿನಗಳೊಳಗೆ ಅದು ಪ್ರತ್ಯೇಕವಾಗಿ ಬರಬೇಕು. ಎರಡನೆಯದು, ಮನ್ನಾ ಪತ್ರ ಕೈಗೆ ಬರುವ ಮೊದಲೇ ‘ಕೊನೆಯ ತಿಂಗಳ ಬಾಡಿಗೆ ಹೇಗೂ ಇಲ್ಲವಲ್ಲ’ ಎಂದು ಬಾಡಿಗೆ ನಿಲ್ಲಿಸಿ, ತಪ್ಪಿಲ್ಲದ ತೆರವನ್ನು ಬಾಕಿಯ ತೆರವಾಗಿ ಬದಲಾಯಿಸಿಕೊಳ್ಳುವುದು. ಮೂರನೆಯದು, ಸ್ಥಳಾಂತರ ಹಣ ಪಡೆದೂ ನೋಟಿಸಿನ ಅವಧಿ ಮೀರಿ ಉಳಿಯುವುದು. ಹಾಗೆ ಮಾಡಿದರೆ ರಾಜ್ಯ ಕಾನೂನಿನಡಿ ಆ ಹಣವನ್ನು ಮಾಲೀಕರು ನಷ್ಟವೆಂದು ವಸೂಲಿ ಮಾಡಬಹುದು.

ಕೀಲಿಕೈ ಒಪ್ಪಿಸಿದರೆ ಇಷ್ಟು ಹಣ ಕೊಡುತ್ತೇವೆ ಎಂಬ ಒಪ್ಪಂದ ಬಂದರೆ ಅದೇ ದಿನ ಸಹಿ ಹಾಕಬೇಡಿ. ಆ ಮೊತ್ತ ಕಾನೂನುಬದ್ಧ ಸ್ಥಳಾಂತರ ಹಣಕ್ಕಿಂತ ಕಡಿಮೆ ಇರಬಹುದು. ಸಹಿ ಆದ ಮೇಲೂ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 45 ದಿನ, ಲಾಸ್ ಏಂಜಲೀಸ್‌ನಲ್ಲಿ ಬಾಡಿಗೆ ನಿಯಂತ್ರಣದ ಮನೆಗಳಿಗೆ 30 ದಿನಗಳೊಳಗೆ ಅಂಥ ಒಪ್ಪಂದದಿಂದ ಹಿಂದೆ ಸರಿಯಲು ಅವಕಾಶವಿದೆ.

## ಹಂತ 5: ಸಮನ್ಸ್ ಬಂದರೆ 10 ಕೋರ್ಟ್ ದಿನಗಳೊಳಗೆ ಉತ್ತರ ಸಲ್ಲಿಸಿ

2025ರ ಜನವರಿ 1ರಿಂದ ಉತ್ತರದ ಗಡುವು 10 ಕೋರ್ಟ್ ದಿನಗಳು, ಅಂದರೆ ಶನಿವಾರ, ಭಾನುವಾರ ಮತ್ತು ಕೋರ್ಟ್ ರಜೆ ಬಿಟ್ಟು ಎಣಿಸಿದ ದಿನಗಳು. ಅದಕ್ಕೂ ಮೊದಲು 5 ದಿನಗಳಿತ್ತು, ಹಳೆಯ ಬರಹಗಳಲ್ಲಿ ಇಂದಿಗೂ ಅದೇ ಕಾಣುತ್ತದೆ. ಸೋಮವಾರ ಸಮನ್ಸ್ ನೇರವಾಗಿ ಕೈಗೆ ಬಂದು, ನಡುವೆ ಕೋರ್ಟ್ ರಜೆ ಇಲ್ಲದಿದ್ದರೆ, ಮಂಗಳವಾರದಿಂದ ಎಣಿಸಿ ಎರಡು ವಾರಗಳ ಅನಂತರದ ಸೋಮವಾರ ಹತ್ತನೆಯ ದಿನ. ಸಮನ್ಸನ್ನು ಬೇರೆಯವರ ಕೈಗೆ ಕೊಟ್ಟು ಅಂಚೆಯಲ್ಲೂ ಕಳುಹಿಸಿದ್ದರೆ ಲೆಕ್ಕ ಬೇರೆಯಾಗುತ್ತದೆ, ಆದರೆ ಆ ಹೆಚ್ಚುವರಿ ದಿನಗಳನ್ನು ನಂಬಿ ಕೂರಬೇಡಿ. ಗಡುವು ಮೀರಿದ ಮರುದಿನವೇ ಮಾಲೀಕರು ಏಕಪಕ್ಷೀಯ ತೀರ್ಪು ಕೋರಬಹುದು. ಆಗ ನಿಮ್ಮ ಪ್ರತಿವಾದ ಎಷ್ಟೇ ಬಲವಾಗಿದ್ದರೂ ಅದನ್ನು ಯಾರೂ ಕೇಳುವುದಿಲ್ಲ.

ಉತ್ತರದ ನಮೂನೆ ಯುಡಿ-105. ಇದು ಕೋರ್ಟಿನ ಜಾಲತಾಣದಲ್ಲೂ ಸ್ವಸಹಾಯ ಕೇಂದ್ರದಲ್ಲೂ ಉಚಿತವಾಗಿ ಸಿಗುತ್ತದೆ. ದೂರಿನಲ್ಲಿ ಹೆಸರಿರುವ ಪ್ರತಿಯೊಬ್ಬ ವಯಸ್ಕರೂ ಉತ್ತರಿಸಬೇಕು. ಗಂಡನ ಸಹಿ ಮಾತ್ರ ಹಾಕಿ ಸಲ್ಲಿಸಿದರೆ ಹೆಂಡತಿಯ ವಿರುದ್ಧ ಏಕಪಕ್ಷೀಯ ತೀರ್ಪು ಬರಬಹುದು. ದೂರಿನಲ್ಲಿ ಹೆಸರಿಲ್ಲದೆ ಮನೆಯಲ್ಲಿ ವಾಸಿಸುವ ವಯಸ್ಕರಿದ್ದು, ಅವರಿಗಾಗಿ ಸಿಪಿ10.5 ನಮೂನೆಯನ್ನೂ ಜೊತೆಗೆ ಜಾರಿಮಾಡಿದ್ದರೆ, ಅವರು ಅದನ್ನು 10 ದಿನಗಳೊಳಗೆ ಸಲ್ಲಿಸಬೇಕು.

ನಮೂನೆಯ ಆರಂಭದಲ್ಲೇ ಎಡವುವಂಥ ಒಂದು ಜಾಗವಿದೆ. ಎಲ್ಲ ಆರೋಪಗಳನ್ನೂ ಒಟ್ಟಾಗಿ ನಿರಾಕರಿಸುವ ಚೌಕವನ್ನು, ದೂರಿನಲ್ಲಿ 1,000 ಡಾಲರ್‌ಗಿಂತ ಹೆಚ್ಚು ಕೇಳಿದ್ದರೆ ಗುರುತಿಸಬಾರದು. ಆಗ ದೂರಿನ ಯಾವ ಪ್ಯಾರಾ ಸುಳ್ಳು, ಯಾವುದರ ಬಗ್ಗೆ ಮಾಹಿತಿಯಿಲ್ಲ ಎಂದು ಬಿಡಿಬಿಡಿಯಾಗಿ ಬರೆಯಬೇಕು. ಇಲ್ಲಿನ ಬಾಡಿಗೆಗಳಲ್ಲಿ ಒಂದು ತಿಂಗಳ ಬಾಕಿಯೇ ಈ ಮಿತಿ ದಾಟುವುದರಿಂದ ಬಹುಪಾಲು ಜನರಿಗೆ ಎರಡನೆಯ ದಾರಿಯೇ ಅನ್ವಯಿಸುತ್ತದೆ. ನಿರಾಕರಿಸದ ಆರೋಪವನ್ನು ಒಪ್ಪಿದಂತೆಯೇ ಪರಿಗಣಿಸಲಾಗುತ್ತದೆ.

ತುಂಬಿದ ಉತ್ತರದ ಪ್ರತಿಯನ್ನು ಮಾಲೀಕರಿಗೆ ಅಥವಾ ಅವರ ವಕೀಲರಿಗೆ ಅಂಚೆಯಲ್ಲಿ ಕಳುಹಿಸಬೇಕಾದವರು ನೀವಲ್ಲ, ಪ್ರಕರಣದಲ್ಲಿ ಕಕ್ಷಿದಾರರಲ್ಲದ 18 ದಾಟಿದ ಬೇರೊಬ್ಬರು. ಅವರು ಪಿಒಎಸ್-030 ನಮೂನೆಗೆ ಸಹಿ ಹಾಕಬೇಕು. ಸಲ್ಲಿಕೆ ಶುಲ್ಕ ಕಟ್ಟಲು ಕಷ್ಟವಾದರೆ ಎಫ್‌ಡಬ್ಲ್ಯೂ-001, ಕನ್ನಡ ದುಭಾಷಿ ಬೇಕಿದ್ದರೆ ಐಎನ್‌ಟಿ-300 ನಮೂನೆಯನ್ನು ಇದೇ ಸಮಯದಲ್ಲಿ ಕೊಡಿ. ದುಭಾಷಿಗೆ ಶುಲ್ಕವಿಲ್ಲ. ಕನ್ನಡದ ದುಭಾಷಿಗಳು ವಿರಳವಾದ್ದರಿಂದ ಕೊನೆಯ ಕ್ಷಣದಲ್ಲಿ ಕೇಳಿದರೆ ತೊಂದರೆಯಾಗುತ್ತದೆ.

## ಹಂತ 6: ಪ್ರತಿವಾದಗಳನ್ನು ಆರಿಸಿ, ಪ್ರತಿಯೊಂದಕ್ಕೂ ಸಾಕ್ಷ್ಯ ಜೋಡಿಸಿ

ಚೌಕಗಳನ್ನೆಲ್ಲ ಗುರುತಿಸಿಬಿಡುವುದು ಪ್ರತಿವಾದವಲ್ಲ. ಗುರುತಿಸಿದ ಪ್ರತಿಯೊಂದಕ್ಕೂ ಕೆಳಗೆ ಸಂಗತಿಗಳನ್ನು ದಿನಾಂಕದೊಂದಿಗೆ ಬರೆಯಬೇಕು.

ಮನೆ ವಾಸಯೋಗ್ಯವಾಗಿಲ್ಲ ಎಂಬ ಪ್ರತಿವಾದ ಬಾಡಿಗೆ ಬಾಕಿಯ ದಾವೆಗಳಲ್ಲಿ ಬಳಕೆಯಾಗುತ್ತದೆ. 1974ರ ಗ್ರೀನ್ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಇದನ್ನು ಮಾನ್ಯ ಮಾಡಿತು. ಸೋರುವ ಚಾವಣಿ, ಚಳಿಗಾಲದಲ್ಲಿ ಕೆಲಸ ಮಾಡದ ಹೀಟರ್, ಬಿಸಿನೀರಿಲ್ಲದ ನಲ್ಲಿ, ಜಿರಳೆ ಇಲಿಗಳ ಕಾಟ ಇದರಲ್ಲಿ ಬರುತ್ತವೆ. ಮಾಲೀಕರಿಗೆ ತಿಳಿಸಿದ ಬರಹ, ಫೋಟೊ, ಸಾಧ್ಯವಾದರೆ ನಗರದ ಇನ್‌ಸ್ಪೆಕ್ಟರ್ ವರದಿ ಬೇಕು. ಇದನ್ನು ಆರಿಸುವವರು ಒಂದು ಮಾತನ್ನು ಮರೆಯಬಾರದು: ಕೋರ್ಟ್ ನಿಮ್ಮ ಪರ ನಿಂತರೂ ಇಳಿಸಿದ ಬಾಡಿಗೆಯನ್ನು ಹೆಚ್ಚೆಂದರೆ 5 ದಿನಗಳೊಳಗೆ ಕಟ್ಟಬೇಕಾಗುತ್ತದೆ. ತಡೆಹಿಡಿದ ಬಾಡಿಗೆಯನ್ನು ಖರ್ಚು ಮಾಡಿಕೊಂಡವರು ಗೆದ್ದೂ ಸೋಲುತ್ತಾರೆ. ಅದನ್ನು ಬೇರೆ ಖಾತೆಯಲ್ಲಿ ಇಡಿ.

ದುರಸ್ತಿ ಕೇಳಿದ್ದಕ್ಕೆ ಅಥವಾ ನಗರಕ್ಕೆ ದೂರು ಕೊಟ್ಟಿದ್ದಕ್ಕೆ 180 ದಿನಗಳೊಳಗೆ ಬಂದ ತೆರವು ಸೇಡಿನ ತೆರವಾಗಿರಬಹುದು. ಈ ರಕ್ಷಣೆಗೆ ನಿಮ್ಮ ಬಾಡಿಗೆ ಬಾಕಿ ಇರಬಾರದು. ನೋಟಿಸಿನ ಅವಧಿ ಮುಗಿದ ಮೇಲಿನ ದಿನಗಳಿಗೂ ಮಾಲೀಕರು ಬಾಡಿಗೆ ಪಡೆದಿದ್ದರೆ ಅದೂ ಒಂದು ಪ್ರತಿವಾದ. ನಗರದ ಕಾನೂನಿನ ಉಲ್ಲಂಘನೆಯನ್ನು ಹೇಳುವಾಗ ಆ ಕಾನೂನಿನ ಹೆಸರು ಮತ್ತು ಅಂಗೀಕಾರದ ದಿನಾಂಕವನ್ನು ನಮೂನೆ ಕೇಳುತ್ತದೆ. ಕೆಲವು ನಗರಗಳಲ್ಲಿ ಮಾಲೀಕರು ನೋಟಿಸಿನ ಪ್ರತಿಯನ್ನು ನಗರಕ್ಕೂ ಸಲ್ಲಿಸಬೇಕು, ಲಾಸ್ ಏಂಜಲೀಸ್‌ನಲ್ಲಿ ಅದಕ್ಕೆ 3 ಕೆಲಸದ ದಿನಗಳ ಗಡುವಿದೆ. ಸಲ್ಲಿಸಿದ್ದಾರೆಯೇ ಎಂದು ವಸತಿ ಇಲಾಖೆಗೆ ಕೇಳಿ ತಿಳಿಯಬಹುದು.

ವೀಸಾ ಮೇಲಿರುವವರಿಗೆ ಮುಖ್ಯವಾದ ಮಾತು ಇದು. ವಲಸೆ ಸ್ಥಿತಿಯ ಕಾರಣಕ್ಕೆ ತೆರವು ಮಾಡಿಸುವುದು, ಮನೆ ಬಿಡಿಸಲು ವಲಸೆ ಅಧಿಕಾರಿಗಳಿಗೆ ತಿಳಿಸುತ್ತೇನೆಂದು ಬೆದರಿಸುವುದು ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬಾಹಿರ. ಅಂಥ ಸಂದೇಶ ಬಂದರೆ ಅಳಿಸಬೇಡಿ, ಅದು ನಿಮ್ಮ ಪರವಾದ ಸಾಕ್ಷ್ಯ. ತೆರವು ದಾವೆ ಸಿವಿಲ್ ವ್ಯವಹಾರ, ಅದರಲ್ಲಿ ಉತ್ತರ ಸಲ್ಲಿಸುವುದು ಅಪರಾಧದ ದಾಖಲೆಯಾಗುವುದಿಲ್ಲ. ದಾವೆ ಹೂಡಿದ 60 ದಿನಗಳೊಳಗೆ ಮಾಲೀಕರು ಗೆಲ್ಲದಿದ್ದರೆ ಪ್ರಕರಣದ ಕಡತ ಸಾರ್ವಜನಿಕರ ಕಣ್ಣಿಗೆ ಬೀಳದಂತೆ ಮುಚ್ಚಿಯೇ ಇರುತ್ತದೆ. ಆದ್ದರಿಂದ ಮುಂದೆ ಮನೆ ಸಿಗುವುದಿಲ್ಲವೆಂಬ ಭಯಕ್ಕೆ ಸರಿಯಾದ ಉತ್ತರವೂ ಗಡುವಿನೊಳಗೆ ಪ್ರತಿವಾದ ಹೂಡುವುದೇ.

## ಹಂತ 7: ರಾಜಿ, ವಿಚಾರಣೆ, ಶೆರಿಫ್ ನೋಟಿಸ್

ಉತ್ತರ ಸಲ್ಲಿಕೆಯಾದ ಮೇಲೆ ಯಾವುದೇ ಪಕ್ಷ ಕೋರಿದರೆ 20 ದಿನಗಳೊಳಗೆ ವಿಚಾರಣೆಗೆ ದಿನ ನಿಗದಿಯಾಗುತ್ತದೆ. ಬಹಳ ಪ್ರಕರಣಗಳು ಅದೇ ದಿನ ಕೋರ್ಟಿನ ಮೊಗಸಾಲೆಯಲ್ಲಿ ರಾಜಿಯಾಗುತ್ತವೆ. ರಾಜಿಪತ್ರದಲ್ಲಿ ಮನೆ ಬಿಡುವ ದಿನಾಂಕ, ಸ್ಥಳಾಂತರ ಹಣದ ಮೊತ್ತ ಮತ್ತು ಅದು ಕೈಸೇರುವ ದಿನ, ಬಾಕಿಯ ಮನ್ನಾ, ಡೆಪಾಸಿಟ್, ಕಡತ ಮುಚ್ಚಿಡುವ ಷರತ್ತು ಇವೆಲ್ಲ ಸ್ಪಷ್ಟವಾಗಿರಬೇಕು. ಹಿಡಿದಿಡಲಾಗದ ದಿನಾಂಕಕ್ಕೆ ಒಪ್ಪಬೇಡಿ. ಒಂದು ದಿನ ತಪ್ಪಿದರೂ ಮತ್ತೆ ವಿಚಾರಣೆಯಿಲ್ಲದೆ ತೀರ್ಪು ಬರುವಂಥ ಷರತ್ತು ಇಂಥ ಪತ್ರಗಳಲ್ಲಿ ಸಾಮಾನ್ಯ.

ತೀರ್ಪು ವಿರುದ್ಧವಾದರೆ ಶೆರಿಫ್ 5 ದಿನಗಳ ನೋಟಿಸ್ ಅಂಟಿಸುತ್ತಾರೆ, ಆಮೇಲೆ ಬೀಗ. ಆ 5 ದಿನಗಳಲ್ಲೂ ಬಾಗಿಲು ಪೂರ್ತಿ ಮುಚ್ಚಿರುವುದಿಲ್ಲ. ಏಕಪಕ್ಷೀಯ ತೀರ್ಪಾಗಿದ್ದರೆ ಅದನ್ನು ರದ್ದುಗೊಳಿಸಲು, ಬಾಕಿ ಪೂರ್ತಿ ಕಟ್ಟಬಲ್ಲವರಾದರೆ ತೀವ್ರ ಸಂಕಷ್ಟದ ಆಧಾರದ ಮೇಲೆ ಬಾಡಿಗೆಯನ್ನು ಉಳಿಸಿಕೊಳ್ಳಲು ಅರ್ಜಿ ಹಾಕಬಹುದು. ಇದಕ್ಕೆ ವಕೀಲರ ನೆರವು ಬೇಕೇ ಬೇಕು. ಬೀಗ ಬಿದ್ದ ಮೇಲೆ ಒಳಗುಳಿದ ಸಾಮಾನು ಪಡೆಯಲು 15 ದಿನಗಳಿವೆ. ಪಾಸ್‌ಪೋರ್ಟ್, ವೀಸಾ ಕಾಗದ, ಔಷಧಿ, ಒಡವೆಗಳನ್ನು ಮಾತ್ರ ಅದಕ್ಕೂ ಮೊದಲೇ ಹೊರತೆಗೆಯಿರಿ.

## ನೆರವು ಕೇಳುವಾಗ ಗಮನಿಸಬೇಕಾದ ಅಪಾಯದ ಗುರುತುಗಳು

ನಗದು ಪಡೆದು ‘ಆರು ತಿಂಗಳು ತಡೆಯುತ್ತೇನೆ’ ಎನ್ನುವವರು, ಕಾರಣ ವಿವರಿಸದೆ ದಿವಾಳಿ ಅರ್ಜಿ ಹಾಕಿಸುವವರು, ಖಾಲಿ ನಮೂನೆಗೆ ಸಹಿ ಕೇಳುವವರು, ಕೋರ್ಟಿಗೆ ನೀವು ಬರುವುದೇ ಬೇಡ ಎನ್ನುವವರು: ಇವರಿಂದ ದೂರವಿರಿ. ವಕೀಲರಲ್ಲದೆ ಹಣ ಪಡೆದು ತೆರವು ನಮೂನೆ ತುಂಬಿಕೊಡುವವರು ಕೌಂಟಿಯಲ್ಲಿ ನೋಂದಾಯಿಸಿರಬೇಕು. ಪ್ರತಿ ಕೌಂಟಿಯ ಸುಪೀರಿಯರ್ ಕೋರ್ಟಿನ ಸ್ವಸಹಾಯ ಕೇಂದ್ರ ಉಚಿತ. 211ಕ್ಕೆ ಕರೆ ಮಾಡಿದರೆ ಸ್ಥಳೀಯ ಕಾನೂನು ನೆರವು ಸಂಸ್ಥೆಗಳ ವಿವರ ಸಿಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2018ರಲ್ಲಿ ಮತದಾರರು ಅಂಗೀಕರಿಸಿದ ಕಾನೂನಿನಂತೆ ತೆರವು ದಾವೆ ಎದುರಿಸುವ ಬಾಡಿಗೆದಾರರಿಗೆ ನಗರವೇ ವಕೀಲರ ನೆರವು ಒದಗಿಸುತ್ತದೆ.

## ಹಂತ 8: ಮನೆ ಬಿಟ್ಟ ಮೇಲೆ

ಖಾಲಿ ಮನೆಯ ಪ್ರತಿ ಕೋಣೆಯ ವಿಡಿಯೊ ತೆಗೆದು, ಕೀಲಿಕೈ ಒಪ್ಪಿಸಿದ್ದಕ್ಕೆ ಬರಹ ಪಡೆದು, ಹೊಸ ವಿಳಾಸವನ್ನು ಮಾಲೀಕರಿಗೆ ಬರಹದಲ್ಲಿ ಕೊಡಿ. ಮಾಲೀಕರ ವಾಸದ ಕಾರಣಕ್ಕೆ ನೀವು ಬಿಟ್ಟಿದ್ದರೆ ಮುಂದಿನ 90 ದಿನ ಬಾಡಿಗೆ ಜಾಹೀರಾತುಗಳ ಮೇಲೆ ಕಣ್ಣಿಡಿ. ಅದೇ ಮನೆ ಹೆಚ್ಚಿನ ಬಾಡಿಗೆಗೆ ಜಾಹೀರಾತಿನಲ್ಲಿ ಕಂಡರೆ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಹೇಳಿದವರು ವಾಸಕ್ಕೆ ಬರದಿದ್ದರೆ, ಮನೆಯನ್ನು ಹಿಂದಿನ ಬಾಡಿಗೆಗೇ ನಿಮಗೆ ಮರಳಿ ಕೊಡಬೇಕು, ಪಡೆದ ಸ್ಥಳಾಂತರ ಹಣಕ್ಕಿಂತ ಹೆಚ್ಚಾದ ಸಮಂಜಸ ಸಾಗಣೆ ವೆಚ್ಚವನ್ನೂ ಭರಿಸಬೇಕು. ಉದ್ದೇಶಪೂರ್ವಕ ಉಲ್ಲಂಘನೆಯಾದರೆ ನಿಜವಾದ ನಷ್ಟದ ಮೂರು ಪಟ್ಟಿನವರೆಗೂ ಪರಿಹಾರ ಸಿಗಬಹುದು. ಕೊಡದೆ ಉಳಿಸಿಕೊಂಡ ಡೆಪಾಸಿಟ್ ಅಥವಾ ಸ್ಥಳಾಂತರ ಹಣಕ್ಕಾಗಿ 12,500 ಡಾಲರ್‌ವರೆಗಿನ ಮೊತ್ತವನ್ನು, ವಕೀಲರಿಲ್ಲದೆಯೇ, ಸ್ಮಾಲ್ ಕ್ಲೇಮ್ಸ್ ಕೋರ್ಟಿನಲ್ಲಿ ಕೇಳಬಹುದು.